ವಾರಕ್ಕೆ ಅರ್ಧ ಗಂಟೆ, ವರ್ಷವಿಡೀ ಸವಾರಿ: ಕೆಂಪಾಪುರದ ಬೈಕ್ ಸವಾರರಿಗೊಂದು ಕೈಪಿಡಿ

ಕೆಂಪಾಪುರದಲ್ಲಿ ಬೈಕ್ ಇಟ್ಟುಕೊಂಡವರಿಗೆ ಎರಡು ಬಗೆಯ ರಸ್ತೆಗಳು ಮನೆ ಹತ್ತಿರವೇ ಇವೆ. ಒಂದು ಕಡೆ ಹೆಬ್ಬಾಳದ ಮೇಲ್ಸೇತುವೆ, ಹೊರವರ್ತುಲ ರಸ್ತೆ, ಮಾನ್ಯತಾ ಟೆಕ್ ಪಾರ್ಕ್ ಕಡೆಗೆ ಹೊರಟ ವಾಹನಗಳ ಸಾಲು. ಇನ್ನೊಂದು ಕಡೆ ಯಲಹಂಕ, ದೇವನಹಳ್ಳಿ ದಾಟಿ ನಂದಿಬೆಟ್ಟದ ದಿಕ್ಕಿಗೆ ಸಾಗುವ ಬಳ್ಳಾರಿ ರಸ್ತೆ. ವಾರವಿಡೀ ಮೊದಲನೆಯದರಲ್ಲಿ ಕ್ಲಚ್ ಹಿಡಿದು ಬಿಟ್ಟು ತೆವಳಿದ ಬೈಕೇ ಭಾನುವಾರ ಬೆಳಗ್ಗೆ ಎರಡನೆಯದರಲ್ಲಿ ಹಗುರವಾಗಿ ಓಡಬೇಕು. ಗಾಳಿ, ಆಯಿಲ್, ಚೈನ್, ಬ್ರೇಕ್ ಸರಿಯಿದ್ದರೆ 100 ಸಿಸಿಯ ಹಳೆಯ ಬೈಕೂ ಆ ಸುಖ ಕೊಡುತ್ತದೆ. ಇವು ಕೆಟ್ಟಿದ್ದರೆ ಎಷ್ಟು ದುಬಾರಿ ಬೈಕಾದರೂ ಕೊಡದು. ಇದಕ್ಕೆ ಮಾಲೀಕ ವಾರಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು. ಮಾಡಬೇಕಾದ ಕೆಲಸಗಳು ಕ್ರಮವಾಗಿ ಹೀಗಿವೆ.

1. ಗಾಳಿ ಮತ್ತು ಟೈರ್

ಟೈರ್ ತಣ್ಣಗಿರುವಾಗ, ಅಂದರೆ ಬೆಳಗ್ಗೆ ಮನೆಯಿಂದ ಹೊರಟ ಕೂಡಲೇ, ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದರಿಂದ ಲೆಕ್ಕ ತಪ್ಪುತ್ತದೆ. ದಿನಬಳಕೆಯ 100ರಿಂದ 150 ಸಿಸಿ ಬೈಕುಗಳಲ್ಲಿ ಮುಂದಿನ ಟೈರಿಗೆ 25 ಪಿಎಸ್‌ಐ ಆಸುಪಾಸು, ಹಿಂದಿನದಕ್ಕೆ 28ರಿಂದ 33 ಪಿಎಸ್‌ಐ ಇರುವುದು ಸಾಮಾನ್ಯ. ಖಚಿತ ಅಂಕಿ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರಿನಲ್ಲಿ ಇಲ್ಲವೇ ಬೈಕಿನ ಜತೆ ಬಂದ ಪುಸ್ತಕದಲ್ಲಿರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೂರ ಹೋಗುವಾಗ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು; ಆ ಅಂಕಿಯೂ ಅಲ್ಲೇ ಇರುತ್ತದೆ. ಗಾಳಿ ಕಡಿಮೆಯಾದರೆ ಮೈಲೇಜ್ ಇಳಿಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ಹೊಂಡಕ್ಕೆ ಬಿದ್ದಾಗ ರಿಮ್ ಬಾಗುತ್ತದೆ.

ಗಾಳಿ ನೋಡಿಸುವಾಗಲೇ ಟೈರನ್ನು ನಿಧಾನವಾಗಿ ತಿರುಗಿಸಿ ಮೊಳೆ, ಗಾಜು, ಬಿರುಕು ಇದೆಯೇ ಪರೀಕ್ಷಿಸಬೇಕು. ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಗುರುತಿರುತ್ತದೆ. ಅದರ ನೇರಕ್ಕೆ ಹಳ್ಳಗಳ ಒಳಗಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ಟೈರ್ ಸವೆದಿದ್ದರೆ ಬದಲಿಸಲು ತಡ ಮಾಡಬಾರದು.

2. ಎಂಜಿನ್ ಆಯಿಲ್

ಬೈಕನ್ನು ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟ ನಂತರ ಆಯಿಲ್ ಮಟ್ಟ ನೋಡಬೇಕು. ಡಿಪ್‌ಸ್ಟಿಕ್ ಅಥವಾ ಎಂಜಿನ್ ಪಕ್ಕದ ಗಾಜಿನ ಕಿಂಡಿಯಲ್ಲಿ ಎರಡು ಗುರುತುಗಳ ನಡುವೆ ಆಯಿಲ್ ಕಾಣಬೇಕು. ಸಣ್ಣ ಬೈಕುಗಳ ಎಂಜಿನ್ನಿಗೆ ಹಿಡಿಸುವುದೇ ಸುಮಾರು ಒಂದು ಲೀಟರ್ ಆಯಿಲ್. ಅದರಲ್ಲಿ ಕಾಲು ಭಾಗ ಇಳಿದರೂ ಉಳಿದದ್ದು ಬೇಗ ಬಿಸಿಯಾಗಿ ತೆಳುವಾಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಬೈಕಿನಲ್ಲಿ ಮೀಟರ್ ನಿಧಾನವಾಗಿ ತಿರುಗಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಹಾಗಾಗಿ ಕಂಪನಿ ಹೇಳಿದ ಕಿಲೋಮೀಟರ್ ಮುಗಿಯುವ ಮೊದಲೇ ಆಯಿಲ್ ಬದಲಿಸುವುದು ಒಳ್ಳೆಯದು. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಎಂಜಿನ್ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಹಳೆಯ ಜಾವಾ, ಯೆಜ್ಡಿ ಉಳಿಸಿಕೊಂಡವರ ಲೆಕ್ಕ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕುಗಳ ಎಂಜಿನ್ ಟೂ-ಸ್ಟ್ರೋಕ್. ಅವುಗಳಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನೊಂದಿಗೇ ಹೋಗುತ್ತದೆ. ಪೆಟ್ರೋಲ್ ಹಾಕಿಸಿದ ಪ್ರತಿ ಸಲವೂ ಟೂ-ಟಿ ಆಯಿಲನ್ನು ಅಳತೆ ಮಾಡಿಯೇ ಬೆರೆಸಬೇಕು. ಗೇರ್ ಬಾಕ್ಸಿನ ಆಯಿಲ್ ಬೇರೆಯೇ ಇದ್ದು, ಅದನ್ನೂ ಕಾಲಕಾಲಕ್ಕೆ ನೋಡಿಕೊಳ್ಳಬೇಕು.

3. ಚೈನ್

ಸುಮಾರು 500 ಕಿ.ಮೀ.ಗೊಮ್ಮೆ ಚೈನ್ ಶುಚಿ ಮಾಡಬೇಕು. ಎಂಜಿನ್ ಕಡ್ಡಾಯವಾಗಿ ಆಫ್ ಆಗಿರಬೇಕು. ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆ ಹಚ್ಚಿದ ಬ್ರಷ್‌ನಿಂದ ಉಜ್ಜಬೇಕು. ಪೆಟ್ರೋಲ್ ಬಳಸಬಾರದು: ಓ-ರಿಂಗ್ ಇರುವ ಚೈನುಗಳ ರಬ್ಬರ್ ಅದರಿಂದ ಹಾಳಾಗುತ್ತದೆ, ಬೆಂಕಿಯ ಅಪಾಯವೂ ಇದೆ. ಒಣ ಬಟ್ಟೆಯಿಂದ ಒರೆಸಿ, ಚೈನಿನ ಒಳಬದಿಗೆ ಚೈನ್ ಲ್ಯೂಬ್ ಅಥವಾ 90 ನಂಬರಿನ ಗೇರ್ ಆಯಿಲ್ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿದರೆ ಕೆಲಸ ಮುಗಿಯಿತು. ರಾತ್ರಿ ಬೈಕ್ ನಿಲ್ಲಿಸಿದ ಮೇಲೆ ಇದನ್ನು ಮಾಡಿದರೆ ಬೆಳಗಾಗುವಷ್ಟರಲ್ಲಿ ಎಣ್ಣೆ ಕೊಂಡಿಗಳ ಒಳಗೆ ಇಳಿದಿರುತ್ತದೆ.

ನಂತರ ಚೈನಿನ ಸಡಿಲ ನೋಡಬೇಕು. ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದಾಗ ಬಹುಪಾಲು ಬೈಕುಗಳಲ್ಲಿ 20ರಿಂದ 30 ಮಿ.ಮೀ. ಆಟ ಇರಬೇಕು. ಹೆಚ್ಚು ಸಡಿಲವಾದರೆ ಚೈನ್ ಸ್ಪ್ರಾಕೆಟ್‌ನಿಂದ ಕಳಚಬಹುದು. ಹೆಚ್ಚು ಬಿಗಿಯಾದರೆ ಹೊಂಡದಲ್ಲಿ ಚಕ್ರ ಮೇಲೆ ಕೆಳಗೆ ಆಡುವಾಗ ಬೇರಿಂಗ್ ಮೇಲೆ ಒತ್ತಡ ಬೀಳುತ್ತದೆ. ಬಿಗಿ ಮಾಡುವಾಗ ಚಕ್ರದ ಎರಡೂ ಬದಿಯ ಗುರುತುಗಳು ಸಮವಾಗಿರಬೇಕು. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಸೆಟ್ ಆಗಿಯೇ ಹಾಕಿಸಬೇಕು.

4. ಬ್ರೇಕ್, ಕ್ಲಚ್, ಏರ್ ಫಿಲ್ಟರ್

ಡ್ರಮ್ ಬ್ರೇಕಿನಲ್ಲಿ ಪೆಡಲ್ ಒತ್ತಿದಾಗ ಹಬ್ ಮೇಲಿನ ಸೂಚಿ ಕೊನೆಯ ಗುರುತಿಗೆ ತಲುಪಿದರೆ ಬ್ರೇಕ್ ಶೂ ಸವೆದಿದೆ ಎಂದು ತಿಳಿಯಬೇಕು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡಿನ ದಪ್ಪ ಮತ್ತು ಹ್ಯಾಂಡಲ್ ಬಳಿಯ ಡಬ್ಬಿಯಲ್ಲಿ ಫ್ಲೂಯಿಡ್ ಮಟ್ಟ ನೋಡಬೇಕು. ಈ ಫ್ಲೂಯಿಡ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕನ್ನು ಜತೆಯಾಗಿ ಹಿಡಿಸುವ ಸಿಬಿಎಸ್ ಕಡ್ಡಾಯವಾಯಿತು. ಆದರೆ ಪ್ಯಾಡ್, ಟೈರ್ ಸವೆದಿದ್ದರೆ ಯಾವ ವ್ಯವಸ್ಥೆಯೂ ಬೈಕನ್ನು ಸಮಯಕ್ಕೆ ನಿಲ್ಲಿಸಲಾರದು.

ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಇರಬೇಕು. ಸಾಲಿನಲ್ಲಿ ನಿಂತಾಗ ಅರ್ಧ ಕ್ಲಚ್ ಹಿಡಿದು ಕಾಯದೆ ನ್ಯೂಟ್ರಲ್ ಮಾಡಿಕೊಂಡರೆ ಕ್ಲಚ್ ಪ್ಲೇಟ್ ಬಹುಕಾಲ ಬಾಳುತ್ತದೆ.

ಕೆ.ಆರ್.ಪುರದಿಂದ ವಿಮಾನ ನಿಲ್ದಾಣಕ್ಕೆ ಸಾಗುವ ನಮ್ಮ ಮೆಟ್ರೋ ನೀಲಿ ಮಾರ್ಗ ಕೆಂಪಾಪುರ, ಹೆಬ್ಬಾಳದ ಮೂಲಕವೇ ಹೋಗುತ್ತದೆ. ಅದರ ಕಾಮಗಾರಿಯ ಪಕ್ಕದಲ್ಲಿ ದಿನವೂ ಓಡಾಡುವ ಬೈಕಿನ ಏರ್ ಫಿಲ್ಟರ್ ದೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಫೋಮ್ ಫಿಲ್ಟರಾದರೆ ತೊಳೆದು ಒಣಗಿಸಿ ಹಾಕಬಹುದು. ಪೇಪರ್ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು.

5. ದಾಖಲೆ ಮತ್ತು ಹೆಲ್ಮೆಟ್

ಆರ್‌ಸಿ, ಡಿಎಲ್, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಈ ನಾಲ್ಕು ಚಾಲ್ತಿಯಲ್ಲಿರಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಮಾನ್ಯ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಸೇರಿಯೇ ಬರುತ್ತದೆ. ಬೈಕಿನ ಸ್ವಂತ ಹಾನಿಯ ವಿಮೆಯ ಅವಧಿ ಬೇರೆ ಇರಬಹುದಾದ್ದರಿಂದ ಎರಡೂ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು. ಬೈಕಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆಯ ಬೈಕ್ ಕೊಂಡವರು ಫಾರಂ 29, 30 ಸಲ್ಲಿಸಿ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರೆಗೆ ವ್ಯವಹಾರ ಮುಗಿದಂತಲ್ಲ. ಸಾಲದಲ್ಲಿ ಕೊಂಡ ಬೈಕಾದರೆ ಫಾರಂ 35ರ ಮೂಲಕ ಸಾಲದ ನಮೂದನ್ನು ಆರ್‌ಸಿಯಿಂದ ತೆಗೆಸಬೇಕು.

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಮುದ್ರೆ ಮತ್ತು ಐಎಸ್ 4151 ಎಂಬ ಸಂಖ್ಯೆ ನೋಡಿ ಕೊಳ್ಳಬೇಕು. ಪಟ್ಟಿ ಬಿಗಿದ ಮೇಲೆ ಹೆಲ್ಮೆಟ್ ಅಲುಗಿಸಿದರೆ ತಲೆಯೂ ಜತೆಗೆ ಅಲುಗಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು.

6. ಮಳೆಗಾಲ

ಬೆಂಗಳೂರಿನಲ್ಲಿ ಮುಂಗಾರು ಹಿಂಗಾರು ಎರಡೂ ಸುರಿಯುತ್ತವೆ. ಮಳೆ ಶುರುವಾದ ಮೊದಲ ಅರ್ಧ ಗಂಟೆಯಲ್ಲಿ ರಸ್ತೆಯ ಮೇಲಿನ ಎಣ್ಣೆ, ದೂಳು ನೀರಿನೊಂದಿಗೆ ಬೆರೆತು ಹೆಚ್ಚು ಜಾರುತ್ತದೆ. ಆಗ ಎಲ್ಲಾದರೂ ನಿಂತು ಹೊರಡುವುದು ಕ್ಷೇಮ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡುಗಳ ಮೇಲೆ ಬ್ರೇಕ್ ಹಿಡಿಯದೆ, ವಾಲದೆ ನೇರವಾಗಿ ದಾಟಬೇಕು.

ಅಂಡರ್‌ಪಾಸ್ ಅಥವಾ ಸರ್ವಿಸ್ ರಸ್ತೆಯಲ್ಲಿ ನೀರು ಸೈಲೆನ್ಸರ್ ಮಟ್ಟಕ್ಕೆ ನಿಂತಿದ್ದರೆ ಇಳಿಯಬಾರದು. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಒತ್ತಬಾರದು. ಸಿಲಿಂಡರ್ ಒಳಗೆ ನೀರು ಹೊಕ್ಕಿದ್ದರೆ ಅದು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಪಿಸ್ಟನ್ ರಾಡ್ ಬಾಗುತ್ತದೆ. ಬೈಕ್ ತಳ್ಳಿಕೊಂಡು ಹೊರಬಂದು ಮೆಕ್ಯಾನಿಕ್ ಕರೆಸಬೇಕು. ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಟ್ಟರೆ ಶೂ, ಪ್ಯಾಡ್ ಒಣಗುತ್ತವೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಬೇಕು.

7. ಬೆಳಗಿನ ಸವಾರಿ

ಈ ಆರು ಕೆಲಸ ಸರಿಯಾಗಿ ನಡೆದಿದ್ದರೆ ಭಾನುವಾರದ ಸವಾರಿಗೆ ಬೇರೆ ತಯಾರಿ ಹೆಚ್ಚೇನೂ ಬೇಕಿಲ್ಲ. ಶನಿವಾರವೇ ಗಾಳಿ, ಪೆಟ್ರೋಲ್, ದೀಪ, ಹಾರ್ನ್ ನೋಡಿಟ್ಟುಕೊಳ್ಳಬೇಕು. ಟ್ಯೂಬ್‌ಲೆಸ್ ಟೈರಾದರೆ ಪಂಕ್ಚರ್ ಕಿಟ್, ಸಣ್ಣ ಪಂಪು ಜತೆಗಿರಲಿ. ನಸುಕಿನಲ್ಲಿ ಪಂಕ್ಚರ್ ಅಂಗಡಿಗಳು ತೆರೆದಿರುವುದಿಲ್ಲ. ಬಡಾವಣೆಯ ಕಿರಿದಾದ ರಸ್ತೆಗಳಲ್ಲಿ ಎಂಜಿನ್ ರೇಸ್ ಮಾಡದೆ, ಮಲಗಿದವರ ನಿದ್ದೆ ಕೆಡಿಸದೆ ಹೊರಡಬೇಕು. ಕರ್ಕಶ ಸದ್ದಿನ ಸೈಲೆನ್ಸರ್ ಹಾಕಿಸುವುದೂ ಹೆದ್ದಾರಿಯಲ್ಲಿ ವೀಲಿಂಗ್ ಮಾಡುವುದೂ ಕಾನೂನಿಗೆ ವಿರುದ್ಧ. ಪಕ್ಕದಲ್ಲಿ ಹೋಗುವವರ ಪ್ರಾಣಕ್ಕೂ ವೀಲಿಂಗ್ ಕುತ್ತು.

ಕೆಂಪಾಪುರದಿಂದ ನಂದಿಬೆಟ್ಟಕ್ಕೆ ಸುಮಾರು 50 ಕಿ.ಮೀ. ಬಳ್ಳಾರಿ ರಸ್ತೆಯಲ್ಲಿ ಯಲಹಂಕ ದಾಟಿ, ದೇವನಹಳ್ಳಿಯ ನಂತರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಬೇಕು. ಮೇಲ್ಸೇತುವೆ ಹತ್ತುವ ಮುನ್ನ ದ್ವಿಚಕ್ರ ವಾಹನಗಳ ಕುರಿತ ಫಲಕ ಓದಿಕೊಳ್ಳಬೇಕು. ಹೆದ್ದಾರಿಯಲ್ಲಿ ವಿಮಾನ ಹಿಡಿಯಲು ಹೊರಟ ಕಾರುಗಳ ವೇಗ ಹೆಚ್ಚು. ಕನ್ನಡಿ ನೋಡದೆ, ಇಂಡಿಕೇಟರ್ ಹಾಕದೆ ಪಥ ಬದಲಿಸಬಾರದು. ಲಾರಿ, ಬಸ್ಸುಗಳ ಎಡಬದಿಗೆ ಅಂಟಿಕೊಂಡು ಹೋಗಬಾರದು. ಅಲ್ಲಿರುವ ಬೈಕ್ ಚಾಲಕನಿಗೆ ಕಾಣುವುದೇ ಇಲ್ಲ.

ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಿಂದ 1,478 ಮೀಟರ್ ಎತ್ತರದ ನಂದಿಗೆ ಏರುವಾಗ ಚಳಿ ಹೆಚ್ಚುತ್ತದೆ, ಚಳಿಗಾಲದಲ್ಲಿ ಮಂಜೂ ಕವಿದಿರುತ್ತದೆ. ಗಾಳಿ ತಡೆಯುವ ಜಾಕೆಟ್, ಕೈಗವಸು ಬೇಕು. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೂ ತಡವಾಗುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಹಿಂತಿರುಗುತ್ತದೆ. ಲೋ ಬೀಮ್ ಸಾಕು. ಬೆಟ್ಟದ ಮೇಲೆ ಜಾಗ ಸಿಗದಷ್ಟು ಜನರಿದ್ದರೆ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವೇ ಸವಾರಿಗೆ ತಕ್ಕ ಗುರಿ.

ಬೆಟ್ಟ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರುವುದು ಅಪಾಯ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ತಾನೇ ವೇಗ ತಡೆಯುತ್ತದೆ. ಬ್ರೇಕನ್ನು ಸತತವಾಗಿ ಒತ್ತಿಹಿಡಿದರೆ ಡ್ರಮ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಬಳಸಿ ವೇಗ ಇಳಿಸಿಕೊಂಡು, ತಿರುವಿನೊಳಗೆ ಬ್ರೇಕ್ ಮುಟ್ಟದೆ ಸಾಗಬೇಕು.

ಮನೆಗೆ ಬಂದ ಮೇಲೆ ಎಂಜಿನ್ ತಣ್ಣಗಾಗುವವರೆಗೆ ನೀರು ಹಾಕಬಾರದು. ನಂತರ ತೊಳೆದು ಒರೆಸಿ, ಚೈನಿಗೆ ಎಣ್ಣೆ ಹಚ್ಚಿ, ಮೀಟರಿನ ಕಿಲೋಮೀಟರನ್ನು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಆಯಿಲ್ ಬದಲಾವಣೆ ಯಾವಾಗ, ಮುಂದಿನ ಚೈನ್ ಕೆಲಸ ಯಾವಾಗ ಎಂಬ ಲೆಕ್ಕ ಸದಾ ಕೈಯಲ್ಲಿರುತ್ತದೆ.