ತರಗತಿಯಲ್ಲಿ ದೇವರ ಮಾತು: ಕಾನೂನಿನ ಗೆರೆ ಎಲ್ಲಿದೆ?

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ, ಮುಕ್ತೀಶ್ವರ ದೇವಾಲಯವೂ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಇಂಥ ಊರಿನ ಸರ್ಕಾರಿ ಶಾಲೆಯಲ್ಲಿ ಉರುಸಿನ ಮಾತು, ಜಾತ್ರೆಯ ಮಾತು ಬಂದೇ ಬರುತ್ತದೆ. ಬರಲಿ, ಕಾನೂನಿನ ಅಡ್ಡಿಯಿಲ್ಲ.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28(1)ನೇ ವಿಧಿ. ಉರುಸು ಎಂದರೇನು ಎಂದು ಮೇಷ್ಟ್ರು ವಿವರಿಸಿದರೆ ಅದು ಪಾಠ. ಇದೇ ನಿಜವಾದ ಧರ್ಮ, ನೀವೂ ಹೀಗೇ ನಂಬಿ ಎಂದರೆ ಗೆರೆ ದಾಟಿದಂತೆ. ಧರ್ಮಗಳ ಬಗ್ಗೆ ತಿಳಿಸಿಕೊಡಲು ಅಡ್ಡಿಯಿಲ್ಲ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

‘ಪೋಷಕರೆಲ್ಲ ಒಪ್ಪಿದ್ದಾರಲ್ಲ’ ಎಂಬ ಸಮರ್ಥನೆ ಸರ್ಕಾರಿ ಶಾಲೆಗೆ ಸಲ್ಲದು. ಒಪ್ಪಿಗೆಯ ಮಾತು ಬರುವುದು 28(3)ರಲ್ಲಿ: ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯೂ ಪೋಷಕರು ಒಪ್ಪದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ.

1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ಹೊರಹಾಕಿತ್ತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಅವರನ್ನು ಮರಳಿ ಸೇರಿಸಿಕೊಳ್ಳಿ ಎಂದು 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದೇ ಹೆಸರಾದ ಈ ತೀರ್ಪನ್ನು ಪ್ರತಿ ಶಿಕ್ಷಕರೂ ಓದಬೇಕು. ಮಗುವನ್ನು ಎಲ್ಲರೆದುರು ನಿಲ್ಲಿಸಿ ‘ನೀನ್ಯಾಕೆ ಕೈ ಮುಗಿಯಲ್ಲ’ ಎಂದು ಕೇಳುವುದು ಸಣ್ಣ ಗಾಯವಲ್ಲ.

ಹಿಜಾಬ್ ವಿವಾದ ಇನ್ನೊಂದು ಬಗೆಯದು. ಸಮವಸ್ತ್ರದ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ನಂಬಿಕೆಯ ಕಾರಣಕ್ಕೆ ಮಗುವಿಗೆ ಹೊಡೆತವೋ ಅವಮಾನವೋ ಆದರೆ ಸುಮ್ಮನಿರಬೇಕಿಲ್ಲ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೊದಲು ಮುಖ್ಯಶಿಕ್ಷಕರೊಂದಿಗೆ ಮಾತಾಡಿ. ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ), ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಬರೆದುಕೊಡಿ. ದಿನಾಂಕ, ನಡೆದದ್ದು, ಆಡಿದ ಮಾತು ಇದ್ದಂತೆ ಇರಲಿ. ಸ್ವೀಕೃತಿ ಪಡೆಯದೆ ಬರಬೇಡಿ. ಇದೇ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ದೂರು ಇತ್ಯರ್ಥಪಡಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ.