ಲೇಖನದೊಳಗಿನ ಭಾಗಕ್ಕೆ ಕೊಂಡಿ

ಭಗವದ್ಗೀತೆಯ 2ನೆಯ ಅಧ್ಯಾಯದ 47ನೆಯ ಶ್ಲೋಕವೆಂದು ಸೂಚಿಸಿದರೆ, ಯಾವ ಮುದ್ರಣದ ಪ್ರತಿಯನ್ನು ತೆರೆದರೂ ಆ ಶ್ಲೋಕ ದೊರೆಯುತ್ತದೆ. ಪಠ್ಯಪುಸ್ತಕವೊಂದರ 47ನೆಯ ಪುಟವೆಂದು ಸೂಚಿಸಿದರೆ, ಮುಂದಿನ ಮುದ್ರಣದಲ್ಲಿ ಆ ವಿಷಯ 52ನೆಯ ಪುಟಕ್ಕೆ ಸರಿದಿರಬಹುದು. ಸೂಚನೆಯ ಬೆಲೆ ಅದು ನೆಚ್ಚಿಕೊಂಡ ಗುರುತಿನ ಸ್ಥಿರತೆಯನ್ನು ಅವಲಂಬಿಸಿದೆ. ಪುಟಸಂಖ್ಯೆಯೇ ಇಲ್ಲದ, ದಿನದಿನವೂ ತಿದ್ದುಪಡಿಗೆ ಒಳಗಾಗುವ ಅಂತರಜಾಲದ ವಿಶ್ವಕೋಶದಲ್ಲಿ ಇಂಥ ಗುರುತನ್ನು ಹೇಗೆ ಇಡುತ್ತಾರೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

2001ರಲ್ಲಿ ಆರಂಭವಾದ ವಿಕಿಪೀಡಿಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ದೀರ್ಘ ಲೇಖನಗಳನ್ನು ಉಪಶೀರ್ಷಿಕೆಗಳಿಂದ ಭಾಗಮಾಡಿರುತ್ತಾರೆ. ‘ಕಾವೇರಿ ನದಿ’ ಎಂಬ ಲೇಖನದಲ್ಲಿ ‘ಉಪನದಿಗಳು’ ಎಂಬ ಭಾಗವಿದೆಯೆಂದು ಭಾವಿಸೋಣ. ಹೇಮಾವತಿಯನ್ನು ಕುರಿತು ಬರೆಯುವವರು ಓದುಗರನ್ನು ನೇರವಾಗಿ ಆ ಭಾಗಕ್ಕೆ ಕಳುಹಿಸಬೇಕಾದರೆ ಹೀಗೆ ಬರೆಯತಕ್ಕದ್ದು:

[[ಕಾವೇರಿ ನದಿ#ಉಪನದಿಗಳು]]

ಜೋಡಿ ಆವರಣಗಳು ಇದು ಕೊಂಡಿಯೆಂಬುದನ್ನು ತಿಳಿಸುತ್ತವೆ. ನಡುವಣ ಚಿಹ್ನೆಗೆ ಹ್ಯಾಷ್ ಎಂದು ಹೆಸರು. ಅದರ ಎಡಕ್ಕಿರುವುದು ಲೇಖನದ ಹೆಸರು. ಬಲಕ್ಕಿರುವುದು ಭಾಗದ ಹೆಸರು.

ಕೊಂಡಿಯನ್ನು ಒತ್ತಿದಾಗ ಏನು ನಡೆಯುತ್ತದೆ? ಬ್ರೌಸರು ಲೇಖನದ ಹೆಸರನ್ನು ಮಾತ್ರ ಸರ್ವರ್ ಎಂಬ ದೂರದ ಗಣಕಯಂತ್ರಕ್ಕೆ ಕಳುಹಿಸುತ್ತದೆ. ಹ್ಯಾಷಿನ ಬಲಗಡೆಯದನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಗ್ರಂಥಪಾಲಕರು ಇಡೀ ಸಂಪುಟವನ್ನು ಕೊಟ್ಟ ಮೇಲೆ ಓದುಗನೇ ಹಾಳೆ ತಿರುವಿ ಬೇಕಾದ ಅಧ್ಯಾಯವನ್ನು ಹುಡುಕಿಕೊಳ್ಳುವಂತೆ, ಬ್ರೌಸರು ಬಂದ ಲೇಖನದಲ್ಲಿ ಆ ಗುರುತನ್ನು ತಾನೇ ಹುಡುಕುತ್ತದೆ. ಗುರುತು ಸಿಕ್ಕಿದರೆ ಅಲ್ಲಿ ನಿಲ್ಲುತ್ತದೆ. ಸಿಕ್ಕದಿದ್ದರೆ ಲೇಖನದ ಮೊದಲ ಸಾಲುಗಳನ್ನು ತೋರಿಸಿ ಸುಮ್ಮನಾಗುತ್ತದೆ.

ಗುರುತು ಅಕ್ಷರಶಃ ಹೊಂದಬೇಕು. ಇಂಗ್ಲಿಷಿನಲ್ಲಾದರೆ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೂ ಗಣ್ಯ. ಕನ್ನಡದ ವಿಳಾಸವನ್ನು ನಕಲುಮಾಡಿದಾಗ ಅದು ಅಕ್ಷರ-ಅಂಕಿಗಳ ಉದ್ದನೆಯ ಸರವಾಗಿ ಮಾರ್ಪಡುವುದುಂಟು. ಗಣಕದ ಲೆಕ್ಕದಲ್ಲಿ ‘ಉಪನದಿಗಳು’ ಎಂಬುದು ಗುಣಿತಚಿಹ್ನೆಗಳೂ ಸೇರಿ 8 ಸಂಕೇತಗಳು. ಒಂದೊಂದಕ್ಕೂ 9 ಚಿಹ್ನೆಗಳಂತೆ ಅದು 72 ಚಿಹ್ನೆಗಳಾಗುತ್ತದೆ. ರೂಪ ವಿಚಿತ್ರವಾದರೂ ಅದು ತೋರಿಸುವ ಸ್ಥಳ ಅದೇ.

ನಿಜವಾದ ಅಪಾಯ ಬೇರೆಡೆ ಇದೆ. ನಾಳೆ ಯಾರೋ ಒಬ್ಬರು ಆ ಶೀರ್ಷಿಕೆಯನ್ನು ‘ಉಪನದಿಗಳು ಮತ್ತು ಅಣೆಕಟ್ಟುಗಳು’ ಎಂದು ತಿದ್ದಿದರೆನ್ನಿ. ಹಳೆಯ ಕೊಂಡಿಗಳೆಲ್ಲ ಆ ಕ್ಷಣವೇ ಗುರಿ ತಪ್ಪುತ್ತವೆ. ವಿಕಿಪೀಡಿಯದಲ್ಲಿ ಇಲ್ಲದ ಲೇಖನಕ್ಕೆ ಕೊಟ್ಟ ಕೊಂಡಿ ಕೆಂಪಾಗಿ ಕಂಡು ಎಚ್ಚರಿಸುತ್ತದೆ. ಇಲ್ಲದ ಭಾಗಕ್ಕೆ ಕೊಟ್ಟ ಕೊಂಡಿಯಾದರೋ ಎಂದಿನಂತೆ ನೀಲಿಯಾಗಿಯೇ ಉಳಿಯುತ್ತದೆ. ಒಂದೇ ಲೇಖನದಲ್ಲಿ ಒಂದೇ ಹೆಸರಿನ ಎರಡು ಭಾಗಗಳಿದ್ದರೆ ತೊಂದರೆ ಇನ್ನೂ ಸೂಕ್ಷ್ಮವಾದುದು. ಎರಡನೆಯದರ ಗುರುತಿಗೆ 2 ಎಂಬ ಅಂಕಿ ಸೇರುತ್ತದೆ. ಅವುಗಳ ಕ್ರಮ ಅದಲುಬದಲಾದರೆ ಕೊಂಡಿ ಓದುಗನನ್ನು ತಪ್ಪು ಭಾಗಕ್ಕೆ ಒಯ್ಯುತ್ತದೆ. ತಪ್ಪಿತೆಂಬ ಸುಳಿವೂ ಸಿಗುವುದಿಲ್ಲ.

ಇದಕ್ಕೆ ಪರಿಹಾರಗಳುಂಟು. ಶೀರ್ಷಿಕೆಯನ್ನು ಬದಲಿಸುವವರು ಹಳೆಯ ಹೆಸರನ್ನು ಓದುಗರಿಗೆ ಕಾಣದ ಗುರುತಾಗಿ ಅಲ್ಲಿಯೇ ಉಳಿಸಬಹುದು. ಹಡಗಿನ ಲಂಗರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಇದಕ್ಕೆ ಕೊಟ್ಟಿದ್ದಾರೆ. ಇಲ್ಲವೆ ‘ಕಾವೇರಿಯ ಉಪನದಿಗಳು’ ಎಂಬ ಪುನರ್ನಿರ್ದೇಶನ ಪುಟವನ್ನು ಮಾಡಿ, ಅದನ್ನು ಮೂಲ ಲೇಖನದ ಆ ಭಾಗಕ್ಕೆ ತಿರುಗಿಸಬಹುದು. ಉಳಿದ ಲೇಖನಗಳೆಲ್ಲ ಈ ಪುಟಕ್ಕೆ ಕೊಂಡಿ ಕೊಟ್ಟರೆ, ಮುಂದೆ ಶೀರ್ಷಿಕೆ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು.

ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾರ್ಗವೂ ಇದೆ. ಲೇಖನದ ಪ್ರತಿಯೊಂದು ತಿದ್ದುಪಡಿಯೂ ಪ್ರತ್ಯೇಕ ಸಂಖ್ಯೆಯೊಡನೆ ವಿಕಿಪೀಡಿಯದ ಇತಿಹಾಸಪುಟದಲ್ಲಿ ದಾಖಲಾಗಿರುತ್ತದೆ. ತಾವು ಓದಿದ ಆವೃತ್ತಿಗೇ ಕೊಂಡಿ ಕೊಟ್ಟು ಭಾಗದ ಹೆಸರನ್ನೂ ಸೇರಿಸಿದರೆ, ಪರೀಕ್ಷಿಸುವವರಿಗೆ ತಾವು ಕಂಡ ವಾಕ್ಯಗಳೇ ಕಾಣುತ್ತವೆ. ಯಾವ ಮಾರ್ಗವನ್ನು ಹಿಡಿದರೂ, ಕೊಂಡಿಯನ್ನು ಒಮ್ಮೆ ಒತ್ತಿ, ಅದು ಉದ್ದೇಶಿಸಿದ ಸ್ಥಳಕ್ಕೇ ತಲಪುವುದೆ ಎಂದು ನೋಡಿಕೊಳ್ಳುವುದು ಬರೆದವರ ಕರ್ತವ್ಯ.