ಅಕ್ಷಯ ತೃತೀಯೆಯೂ ವಿದ್ಯಾರ್ಥಿಸಹಾಯವೂ

ವೈಶಾಖ ಶುದ್ಧ ತೃತೀಯೆಯಂದು ಉದಕುಂಭವನ್ನು ದಾನಮಾಡುವ ಭಕ್ತರು ವಿಶ್ವವಿದ್ಯಾಲಯದ ಬಡ ವಿದ್ಯಾರ್ಥಿಗಳಿಗೂ ಒಂದು ಪಾಲನ್ನು ತೆಗೆದಿರಿಸಬೇಕೆಂದು ನಮ್ಮ ವಿಜ್ಞಾಪನೆ. ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರಗಳೊಡನೆ ‘ಅನುಪಕಾರಿ’ಯನ್ನೂ ಹೇಳುತ್ತದೆ, ಮರಳಿ ಉಪಕರಿಸಲಾರದವನಿಗೆ ಕೊಡತಕ್ಕದ್ದೆಂದು ಭಾವ. ಹಿಂದೆ ವಾರಾನ್ನ ಹಾಕಿದ ತಾಯಂದಿರು ಹೀಗೆಯೇ ಕೊಟ್ಟರು. ಉಂಡ ಹುಡುಗನು ಮುಂದೆ ಏನಾದನೆಂದು ಎಷ್ಟೋ ಮನೆಗಳಿಗೆ ತಿಳಿಯಲೇ ಇಲ್ಲ.

ಮುಂಬಯಿ, ಪುಣೆಗಳಲ್ಲಿ ಇಂದು ವಾರಾನ್ನದ ಮನೆಗಳು ದುರ್ಲಭ. ಹಾಸ್ಟೆಲು, ಮೆಸ್ಸುಗಳಿಗೆ ಹಣವನ್ನೇ ಕಟ್ಟಬೇಕು. ಇಲ್ಲಿ ‘ಕಾಲ’ವನ್ನು ವಿಚಾರಿಸೋಣ. ತೃತೀಯೆಯು ದಾತೃವಿನ ಪುಣ್ಯಕಾಲ. ವಿದ್ಯಾರ್ಥಿಯ ಕಾಲವೆಂದರೆ ಶುಲ್ಕದ ಗಡುವು. ಅದು ತಪ್ಪಿದರೆ ಪ್ರವೇಶವೂ ತಪ್ಪೀತು. ಆದುದರಿಂದ ಅಂದು ಸಂಕಲ್ಪಿಸಿದ ದ್ರವ್ಯವು ಗಡುವಿಗೆ ಮೊದಲೇ ಮುಟ್ಟತಕ್ಕದ್ದು. ದಾತೃಗಳ ಹೆಸರಿನ ಫಲಕವನ್ನು (ಅದರ ಮೋಹ ಯಾರನ್ನು ಬಿಟ್ಟಿದೆ!) ನಾವು ಆಕ್ಷೇಪಿಸುವುದಿಲ್ಲ, ಪಡೆದವನ ಹೆಸರನ್ನು ಮಾತ್ರ ಸಭೆಯಲ್ಲಿ ಓದಿಸಲಾಗದು.